ಯಜಮಾನ ಡೀಮೋಸ್ ಮತ್ತು ಅವನ ಆಳುಗಳು



ಗ್ರೀಕ್ ನಾಟಕ ಎಂದರೆ ಕನ್ನಡದವರಿಗೆ ಮೊದಲು ನೆನಪಾಗುವುದು ದುರಂತ ನಾಟಕ. ಬಿ.ಎಂ.ಶ್ರೀಯವರು ಸೊಫೋಕ್ಲೀಸನ ಏಜಾಕ್ಸನನ್ನು ‘ಅಶ್ವತ್ಥಾಮನ್’ ಮಾಡಿದರು. ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂದು ಕೊಟ್ಟರು. ಲಂಕೇಶರು ಈಡಿಪಸ್ ದೊರೆಯಿಂದ ಕನ್ನಡ ಮಾತಾಡಿಸಿದರು. ಈ ನಾಟಕಗಳು ಹುಟ್ಟಿದ ಅಥೆನ್ಸಿನ ದುಃಖ ನಮಗೆ ಪರಿಚಿತ. ಅದೇ ಊರಿನವರು ಆ ದುರಂತಗಳನ್ನು ಆಡುತ್ತಿದ್ದ ದೇವರ ಉತ್ಸವದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ ನಾಟಕಗಳ ಬಗ್ಗೆ ನಾವು ಮಾತಾಡುವುದು ಕಡಿಮೆ. ಇದಕ್ಕೆ ಕಾರಣ ಉಂಟು. ತಾಯಿಯನ್ನು ಮದುವೆಯಾದವನ ಸಂಕಟ ಯಾವ ಟಿಪ್ಪಣಿಯೂ ಇಲ್ಲದೆ ಎದೆಗೆ ತಾಗುತ್ತದೆ. ಆದರೆ ನಗಬೇಕಾದರೆ ಆ ವರ್ಷ ಮೀನಿನ ಬೆಲೆ ಎಷ್ಟಿತ್ತು, ಯಾರು ಯಾರ ಮೇಲೆ ದೂರು ಕೊಟ್ಟಿದ್ದರು, ಮುಂದಿನ ಸಾಲಿನಲ್ಲಿ ಯಾರು ಕೂತಿದ್ದರು ಎನ್ನುವುದೆಲ್ಲ ಗೊತ್ತಿರಬೇಕು. ಇವತ್ತು ನಾನು ಮಾಡಬೇಕೆಂದಿರುವುದು ಅಷ್ಟೇ ಕೆಲಸ. ಅಲ್ಲಿನ ಹಾಸ್ಯ ನಾಟಕಕಾರ ಅರಿಸ್ಟೋಫನೀಸನ ಒಂದು ನಾಟಕ ತೆಗೆದುಕೊಂಡು, ಅದನ್ನು ನೋಡಿದವರಿಗೆ ಏನೇನು ಗೊತ್ತಿತ್ತೋ ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ನಾಟಕದ ಹೆಸರು ‘ಹಿಪ್ಪೀಸ್’, ಅಂದರೆ ‘ಕುದುರೆಸವಾರರು’. ಕ್ರಿ.ಪೂ. 424ರ ಚಳಿಗಾಲ, ಅಥೆನ್ಸಿನ ಲೀನಾಯಾ ಉತ್ಸವ. ನಾಟಕಕಾರನಿಗೆ ಇಪ್ಪತ್ತು ದಾಟಿ ಒಂದೆರಡು ವರ್ಷ ಆಗಿರಬಹುದು. ಕ್ಲಿಯಾನ್ ಎಂಬ ರಾಜಕಾರಣಿಯನ್ನು ಅವನು ಮೊದಲಿಂದ ಕೊನೆಯವರೆಗೆ ಬೈದ. ಬೈಗುಳವೆಂದರೆ ಸೂಚ್ಯವಾದ ಚುಚ್ಚುಮಾತಲ್ಲ. ಕಳ್ಳ, ಲಂಚಕೋರ, ಚಾಡಿಕೋರ, ಚರ್ಮದ ನಾತ ಹೊಡೆಯುವವನು ಎಂದು ಬಾಯಿಬಿಟ್ಟು ಬೈದ. ನಾಟಕಕ್ಕೆ ಮೊದಲ ಬಹುಮಾನ ಬಂತು. ಕೆಲವೇ ವಾರ ಕಳೆದು ಅದೇ ಊರಿನ ಜನ ಅದೇ ಕ್ಲಿಯಾನನನ್ನು ಆ ವರ್ಷದ ಹತ್ತು ದಂಡನಾಯಕರಲ್ಲಿ ಒಬ್ಬನನ್ನಾಗಿ ಆರಿಸಿದರು.

ಇದನ್ನು ಓದಿದ ಪಂಡಿತರಲ್ಲಿ ಹಲವರು ಹಾಸ್ಯಕ್ಕೆ ರಾಜಕೀಯದಲ್ಲಿ ಕಾಸಿನ ಕಿಮ್ಮತ್ತಿಲ್ಲ ಎಂದು ತೀರ್ಮಾನಿಸಿದರು. ಬಹುಮಾನ ಕೊಟ್ಟವರು ಊರಿಗೆ ಊರೇ ಅಲ್ಲ ಎಂದು ಇನ್ನು ಕೆಲವರು ಹೇಳಿದರು. ಅದರಲ್ಲಿ ಹುರುಳಿದೆ. ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು, ಹತ್ತು ಕುಲಗಳಿಂದ ಹತ್ತು ಜನ. ಅವರ ಮತಗಳಲ್ಲಿ ಐದನ್ನು ಮಾತ್ರ ಎಣಿಸುತ್ತಿದ್ದರು. ಐದಾರು ಜನರ ಮೆಚ್ಚುಗೆಯನ್ನು ಇಡೀ ನಗರದ ಜನಾಭಿಪ್ರಾಯ ಅನ್ನಬೇಕಾಗಿಲ್ಲ. ಆದರೂ ಸುತ್ತ ಸಾವಿರಾರು ಜನ ಸೀಟಿ ಹೊಡೆಯುತ್ತಿರುವಾಗ ಚೀಟಿಯಲ್ಲಿ ಬೇರೆ ಹೆಸರು ಬರೆಯುವುದಕ್ಕೆ ಎದೆಗಾರಿಕೆ ಬೇಕು. ಜನ ನಕ್ಕಿದ್ದು ನಿಜ, ಆಮೇಲೆ ಮತ ಹಾಕಿದ್ದೂ ನಿಜ. ಇವೆರಡೂ ಒಂದಕ್ಕೊಂದು ವಿರೋಧವಲ್ಲ, ಆ ಮತದ ಕಾರಣವೂ ಆ ನಾಟಕದೊಳಗೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿಗೆ ಬರುವ ಮುಂಚೆ ಪೈಲೋಸಿಗೆ ಹೋಗಿಬರಬೇಕು.

ಅಥೆನ್ಸಿಗೂ ಸ್ಪಾರ್ಟಾಕ್ಕೂ ಯುದ್ಧ ಶುರುವಾದದ್ದು 431ರಲ್ಲಿ. ಅಥೆನ್ಸಿನ ಮುಖಂಡ ಪೆರಿಕ್ಲೀಸನ ಯೋಜನೆ ಸರಳವಾಗಿತ್ತು. ಸ್ಪಾರ್ಟಾದ ಕಾಲಾಳುಗಳನ್ನು ಬಯಲಲ್ಲಿ ಎದುರಿಸುವುದು ಬೇಡ; ಹಳ್ಳಿಯವರೆಲ್ಲ ಮನೆಮಠ ಬಿಟ್ಟು ನಗರದ ಕೋಟೆಯೊಳಕ್ಕೆ ಬರಲಿ; ಹಡಗುಗಳು ನಮ್ಮವು, ಸಮುದ್ರ ನಮ್ಮದು, ಮಿತ್ರರಾಜ್ಯಗಳ ಕಪ್ಪ ಬರುತ್ತಿರಲಿ, ಕಾಯೋಣ. ಜನ ಬಂದರು. ಇರಲು ಜಾಗವಿಲ್ಲದೆ ಗುಡಿಗಳಲ್ಲಿ, ಕೋಟೆಯ ಬುರುಜುಗಳಲ್ಲಿ ಬಿಡಾರ ಹೂಡಿದರು. ಮರುವರ್ಷ ಸಾಂಕ್ರಾಮಿಕ ಬಂತು, 429ರಲ್ಲಿ ಪೆರಿಕ್ಲೀಸನೇ ಸತ್ತ. ತಮ್ಮ ಆಲಿವ್ ತೋಪು ಸುಡುವ ಹೊಗೆಯನ್ನು ರೈತರು ಕೋಟೆಯ ಮೇಲಿಂದ ನೋಡುತ್ತ ವರ್ಷ ವರ್ಷ ಕಳೆದರು. ‘ಕುದುರೆಸವಾರರು’ ನಾಟಕದ ಹೊತ್ತಿಗೆ ಎಂಟನೆಯ ವರ್ಷ. ವಾಡೆಗಳಲ್ಲಿ, ಸಂದುಗೊಂದುಗಳಲ್ಲಿ ಬದುಕುತ್ತಿರುವ ಜನರನ್ನು ನೋಡಿಯೂ ನಿನಗೆ ಮರುಕವಿಲ್ಲವಲ್ಲ ಎಂದು ನಾಟಕದಲ್ಲಿ ಒಬ್ಬ ಕ್ಲಿಯಾನನ ಪಾತ್ರವನ್ನು ಹಂಗಿಸುತ್ತಾನೆ. ನೋಡುತ್ತಿದ್ದವರಲ್ಲಿ ಎಷ್ಟೋ ಜನ ಆ ವಾಡೆಗಳಿಂದಲೇ ಎದ್ದು ಬಂದಿದ್ದವರು.

ಪೆರಿಕ್ಲೀಸ್ ಹಳೆಯ ಮನೆತನದವನು. ಅವನ ನಂತರ ಜನಸಭೆಯಲ್ಲಿ ಮೇಲೆದ್ದವರು ಬೇರೆ ಬಗೆಯವರು. ಒಬ್ಬನ ಹಣದ ಮೂಲ ನಾರುಸರಕು, ಇನ್ನೊಬ್ಬನದು ಕುರಿ, ಮತ್ತೊಬ್ಬನದು ಚರ್ಮ. ಚರ್ಮ ಹದ ಮಾಡುವ ಕಾರ್ಖಾನೆಯ ಒಡೆಯ ಕ್ಲಿಯಾನ್. ಇವನು ಕೈಯಲ್ಲಿ ಉಳಿ ಹಿಡಿದು ಕೂತ ಬಡವನಲ್ಲ. ಅಪ್ಪನ ಕಾಲದಿಂದಲೂ ಮನೆಯಲ್ಲಿ ಹಣ ಆಡುತ್ತಿತ್ತು. ಆದರೂ ನಾಟಕ ಅವನ ಕಸುಬಿನ ವಾಸನೆಯನ್ನು ಬಿಡುವುದಿಲ್ಲ. ತೊಗಲಿನ ಕೆಲಸವನ್ನು ಬೈಗುಳ ಮಾಡಿಕೊಳ್ಳುವ ಈ ಚಾಳಿ ನಮಗೆ ಹೊಸದೇನಲ್ಲ. ಅರಿಸ್ಟೋಫನೀಸನನ್ನು ಮೆಚ್ಚುವಾಗ ಇದನ್ನು ನುಂಗಿಕೊಳ್ಳಬೇಕಾಗುತ್ತದೆ, ನನಗಂತೂ ಸಲೀಸಾಗಿ ಇಳಿಯುವುದಿಲ್ಲ.

425ರ ಬೇಸಿಗೆಯಲ್ಲಿ ನಡೆದದ್ದು ಇದು. ಡೆಮಾಸ್ತನೀಸ್ ಎಂಬ ಸೇನಾನಿ (ಇವನು ಮುಂದಿನ ಶತಮಾನದ ಪ್ರಸಿದ್ಧ ವಾಗ್ಮಿಯಲ್ಲ, ಬೇರೆ) ಸ್ಪಾರ್ಟಾದ ಸೀಮೆಯಲ್ಲೇ, ಪೈಲೋಸ್ ಎಂಬ ಕಡಲ ತೀರದಲ್ಲಿ, ಅವಸರದ ಕೋಟೆಯೊಂದನ್ನು ಕಟ್ಟಿ ಕೂತ. ಅವನನ್ನು ಓಡಿಸಲು ಬಂದ ಸ್ಪಾರ್ಟಾದವರು ಎದುರಿನ ಸ್ಫಾಕ್ಟೀರಿಯಾ ದ್ವೀಪದಲ್ಲಿ 420 ಯೋಧರನ್ನು ಇಳಿಸಿದರು. ಅಷ್ಟರಲ್ಲಿ ಅಥೆನ್ಸಿನ ಹಡಗುಗಳು ಬಂದು ದ್ವೀಪವನ್ನು ಸುತ್ತುಗಟ್ಟಿದವು. ಒಳಗಿದ್ದವರಲ್ಲಿ ಸ್ಪಾರ್ಟಾದ ದೊಡ್ಡ ಮನೆತನಗಳ ಮಕ್ಕಳಿದ್ದರು. ಎಂದೂ ತಲೆ ಬಾಗದ ಸ್ಪಾರ್ಟಾ ದೂತರನ್ನು ಕಳಿಸಿ ಸಂಧಿ ಕೇಳಿತು. ಕ್ಲಿಯಾನ್ ಜನಸಭೆಯಲ್ಲಿ ಎದ್ದು ನಿಂತು, ಅವರು ಒಪ್ಪಲಾಗದ ಷರತ್ತುಗಳನ್ನು ಹಾಕಿಸಿ ಅದನ್ನು ಮುರಿದ. ಮುತ್ತಿಗೆ ಎಳೆದಾಡಿತು. ಸ್ಪಾರ್ಟಾದ ಹೆಲಟ್ ಜೀತಗಾರರು ಜೇನು ಬೆರೆಸಿದ ಗಸಗಸೆ, ಕುಟ್ಟಿದ ಅಗಸೆಬೀಜಗಳನ್ನು ತೊಗಲ ಚೀಲಗಳಲ್ಲಿ ತುಂಬಿ, ನೀರಿನಡಿ ಈಜಿ ದ್ವೀಪಕ್ಕೆ ಮುಟ್ಟಿಸುತ್ತಿದ್ದರಂತೆ. ಚಳಿಗಾಲ ಬಂದರೆ ಹಡಗುಗಳು ನಿಲ್ಲುವಂತಿರಲಿಲ್ಲ. ಸಂಧಿ ಬಿಟ್ಟದ್ದು ತಪ್ಪಾಯಿತೇನೋ ಎಂದು ಜನ ಗೊಣಗತೊಡಗಿದರು.

ಮುಂದಿನದನ್ನು ಇತಿಹಾಸಕಾರ ಥ್ಯುಸಿಡಿಡೀಸ್ ಹೇಳುವ ರೀತಿಯೇ ಒಂದು ಪ್ರಹಸನ. ನಮ್ಮ ದಂಡನಾಯಕರು ಗಂಡಸರಾಗಿದ್ದರೆ ದ್ವೀಪ ಹಿಡಿಯುವುದು ಸುಲಭ, ನಾನಾಗಿದ್ದರೆ ಹಿಡಿಯುತ್ತಿದ್ದೆ ಎಂದು ಕ್ಲಿಯಾನ್ ಕೊಚ್ಚಿಕೊಂಡ. ಅವನ ಬೆರಳು ತೋರುತ್ತಿದ್ದದ್ದು ಆ ದಂಡನಾಯಕರಲ್ಲಿ ಒಬ್ಬನಾದ ನಿಕಿಯಾಸನ ಕಡೆಗೆ. ನಿಕಿಯಾಸ್ ಸಾಧು, ಆದರೆ ಮೂರ್ಖನಲ್ಲ. ಹಾಗಾದರೆ ನೀನೇ ಹೋಗಪ್ಪ, ನನ್ನ ಅಧಿಕಾರ ನಿನಗೇ ಬಿಟ್ಟೆ ಎಂದ. ಕ್ಲಿಯಾನ್ ಮೊದಲು ತಮಾಷೆ ಎಂದುಕೊಂಡ, ನಿಜವೆಂದು ತಿಳಿದ ಮೇಲೆ ಹಿಂಜರಿದ. ಅವನು ಹಿಂಜರಿದಷ್ಟೂ ಜನ ಹೋಗು ಹೋಗು ಎಂದು ಕೂಗಿದರು. ದಾರಿ ಕಾಣದೆ, ಇಪ್ಪತ್ತು ದಿನದಲ್ಲಿ ಅವರನ್ನು ಜೀವಂತ ಹಿಡಿದು ತರುತ್ತೇನೆ, ಇಲ್ಲವೆ ಅಲ್ಲೇ ಕೊಲ್ಲುತ್ತೇನೆ ಎಂದುಬಿಟ್ಟ. ಸಭೆ ನಕ್ಕಿತು. ವಿವೇಕಿಗಳಿಗೆ ಒಳಗೊಳಗೇ ಖುಷಿ. ಒಂದೋ ಕ್ಲಿಯಾನನ ಕಾಟ ತಪ್ಪುತ್ತದೆ, ಇಲ್ಲವೆ ಸ್ಪಾರ್ಟಾದವರು ಸಿಗುತ್ತಾರೆ. ಮೊದಲನೆಯದೇ ಆಗಲಿ ಎಂದು ಅವರ ಆಸೆ ಎನ್ನುತ್ತಾನೆ ಥ್ಯುಸಿಡಿಡೀಸ್.

ಆದದ್ದು ಎರಡನೆಯದು. ದ್ವೀಪದ ಕಾಡಿಗೆ ಮೊದಲೇ ಬೆಂಕಿ ಬಿದ್ದು ಮರೆ ಹೋಗಿತ್ತು. ಡೆಮಾಸ್ತನೀಸ್ ದಾಳಿಯ ಯೋಜನೆ ಮಾಡಿ ಮುಗಿಸಿದ್ದ. ಕ್ಲಿಯಾನ್ ಬಿಲ್ಲುಗಾರರನ್ನೂ ಹಗುರ ಕಾಲಾಳುಗಳನ್ನೂ ಕರೆದುಕೊಂಡು ಹೋಗಿ ಜೊತೆಗೂಡಿದ. ಎಪ್ಪತ್ತೆರಡು ದಿನಗಳ ದಿಗ್ಬಂಧನ ಮುಗಿದು 292 ಜನ ಜೀವಂತ ಸೆರೆ ಸಿಕ್ಕರು. ಅವರಲ್ಲಿ ಸುಮಾರು 120 ಮಂದಿ ಅಪ್ಪಟ ಸ್ಪಾರ್ಟಾದವರು. ಸಾಯುತ್ತಾರೆಯೇ ಹೊರತು ಶರಣಾಗುವುದಿಲ್ಲ ಎಂದು ಗ್ರೀಸಿಗೆ ಗ್ರೀಸೇ ನಂಬಿದ್ದ ಜನ ಗುರಾಣಿ ಕೆಳಗಿಟ್ಟಿದ್ದರು. ಮಾತು ಕೊಟ್ಟ ಇಪ್ಪತ್ತು ದಿನಗಳೊಳಗೇ ಕ್ಲಿಯಾನ್ ಅವರನ್ನು ಅಥೆನ್ಸಿಗೆ ತಂದ. ಹುಚ್ಚು ಮಾತು ನಿಜವಾಯಿತು ಎಂದು ಥ್ಯುಸಿಡಿಡೀಸ್ ಹಲ್ಲು ಕಚ್ಚಿಕೊಂಡು ಬರೆಯುತ್ತಾನೆ. ಅಲ್ಲಿಂದ ತಂದ ಗುರಾಣಿಗಳನ್ನು ನಗರದಲ್ಲಿ ತೂಗುಹಾಕಿದರು. ಅಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ 1936ರಲ್ಲಿ ಅಂಥದೊಂದು ಕಂಚಿನ ಗುರಾಣಿ ಸಿಕ್ಕಿತು. ಪೈಲೋಸಿನಲ್ಲಿ ಸ್ಪಾರ್ಟಾದವರಿಂದ ಅಥೆನ್ಸಿನವರು ತಂದದ್ದು ಎಂದು ಅದರ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದಿದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ನೋಡಬಹುದು. ನಾಟಕದಲ್ಲಿ ಈ ಗುರಾಣಿಗಳ ಮೇಲೂ ಒಂದು ಹಾಸ್ಯವಿದೆ. ಕ್ಲಿಯಾನ್ ಅವುಗಳ ಹಿಡಿಗಳನ್ನು ಕಳಚದೆ ಬಿಟ್ಟಿದ್ದಾನೆ. ಯಾಕೆಂದರೆ ಜನ ತಿರುಗಿಬಿದ್ದ ದಿನ ಅವನ ಚರ್ಮದ ವ್ಯಾಪಾರದ ಪುಂಡರು ಅವನ್ನೇ ಹಿಡಿದು ಬೀದಿಗಿಳಿಯಲಿ ಎಂದು!

ಗೆದ್ದುಬಂದವನಿಗೆ ಊರು ಎರಡು ಗೌರವ ಕೊಟ್ಟಿತು. ಸರ್ಕಾರಿ ಭೋಜನಶಾಲೆಯಲ್ಲಿ ಊಟ. ರಂಗಮಂದಿರದಲ್ಲಿ ಮುಂದಿನ ಸಾಲು. ಹಾಗಾಗಿ ಐದಾರು ತಿಂಗಳ ನಂತರ ‘ಕುದುರೆಸವಾರರು’ ಆಡುವಾಗ ಕ್ಲಿಯಾನ್ ಆ ಸಾಲಿನಲ್ಲೇ ಕೂತಿದ್ದನೆಂದು ನಂಬಲು ಕಷ್ಟವಿಲ್ಲ. ನಾಟಕವೇ ಆ ಕಡೆಗೆ ಬೆರಳು ಮಾಡುತ್ತದೆ. ಪೈಲೋಸಿನಿಂದ ಗಳಿಸಿದ ನನ್ನ ಮುಂದಿನ ಆಸನದಾಣೆ ಎಂದು ಅವನ ಪಾತ್ರ ಆಣೆಯಿಟ್ಟಾಗ, ನಿನ್ನನ್ನು ಕೊನೆಯ ಸಾಲಿನಲ್ಲಿ ನೋಡುತ್ತೇನೆ ಬಿಡು ಎಂದು ಎದುರಾಳಿ ಹೇಳುತ್ತಾನೆ.

ಅರಿಸ್ಟೋಫನೀಸನಿಗೂ ಕ್ಲಿಯಾನನಿಗೂ ಹಳೆಯ ಲೆಕ್ಕವಿತ್ತು. ಇಬ್ಬರೂ ಅಥೆನ್ಸಿನ ಒಂದೇ ಕೇರಿಯವರು, ಕೈಡಥೆನೈಯಾನ್ ಅದರ ಹೆಸರು. 426ರಲ್ಲಿ ‘ಬ್ಯಾಬಿಲೋನಿಯನರು’ ಎಂಬ ನಾಟಕವನ್ನು ವಸಂತದ ದೊಡ್ಡ ಉತ್ಸವದಲ್ಲಿ ಆಡಿಸಿದ್ದರು. ಆ ನಾಟಕ ಈಗ ಇಲ್ಲ. ಮಿತ್ರರಾಜ್ಯಗಳವರು ಕಪ್ಪ ತರುವ ಹೊತ್ತು ಅದು. ಪರವೂರಿನವರ ಎದುರು ನಗರದ ಮಾನ ಕಳೆದ ಎಂದು ಕ್ಲಿಯಾನ್ ಐನೂರರ ಮಂಡಳಿಯ ಮುಂದೆ ದೂರು ಕೊಟ್ಟ. ಲೀನಾಯಾ ಹಾಗಲ್ಲ, ಚಳಿಗಾಲ, ಹಡಗಿಲ್ಲ, ಅತಿಥಿಗಳಿಲ್ಲ, ಇರುವುದು ಮನೆಮಂದಿ. ಮನೆಯ ಜಗಳ ಮನೆಯೊಳಗೆ ಆಡಬಹುದು. ಅಲ್ಲಿಯವರೆಗೆ ತನ್ನ ನಾಟಕಗಳನ್ನು ಬೇರೆಯವರಿಂದ ಆಡಿಸುತ್ತಿದ್ದವನು ಈ ಒಂದನ್ನು ಮೊದಲ ಬಾರಿಗೆ ತನ್ನದೇ ಹೆಸರಲ್ಲಿ ಆಡಿಸಿದ. ಬೈಗುಳಕ್ಕೆ ಸಹಿ ಹಾಕಿ ಕೊಟ್ಟ ಹಾಗೆ.

ಇನ್ನು ಕಥೆ. ಒಂದು ಮನೆ. ಯಜಮಾನ ಡೀಮೋಸ್, ಹೆಸರಿನ ಅರ್ಥವೇ ‘ಜನ’. ಊರು ಯಾವುದೆಂದರೆ ನಿಕ್ಸ್, ಅಂದರೆ ಜನಸಭೆ ಸೇರುವ ಗುಡ್ಡ. ಮುದುಕ, ಕಿವಿ ಮಂದ, ಮೂಗಿನ ತುದಿಯಲ್ಲಿ ಕೋಪ. ಮನೆಯಲ್ಲಿ ಇಬ್ಬರು ಹಳೆಯ ಆಳುಗಳು. ಹೊಸದಾಗಿ ಪೇಟೆಯಿಂದ ಕೊಂಡುತಂದ ಇನ್ನೊಬ್ಬ ಆಳು, ಪಾಫ್ಲಗೋನಿಯಾದವನು, ಚರ್ಮ ಹದ ಮಾಡುವವನು. ಇವನು ಬಂದವನೇ ಯಜಮಾನನ ಕಾಲು ಒತ್ತಿ, ತುತ್ತು ಬಾಯಿಗಿಟ್ಟು, ಭವಿಷ್ಯವಾಣಿ ಓದಿ ಮರುಳು ಮಾಡಿದ್ದಾನೆ. ಬೇರೆಯವರ ಬಗ್ಗೆ ಚಾಡಿ ಹೇಳಿ ಏಟು ತಿನ್ನಿಸುತ್ತಾನೆ. ಪೈಲೋಸಿನಲ್ಲಿ ನಾನು ಕಷ್ಟಪಟ್ಟು ಕಲಸಿಟ್ಟ ಸ್ಪಾರ್ಟಾದ ರೊಟ್ಟಿಯನ್ನು ಇವನು ಎಗರಿಸಿಕೊಂಡು ಹೋಗಿ ತಾನೇ ಬಡಿಸಿದ ಎಂದು ಮೊದಲನೆಯ ಆಳು ಗೋಳಾಡುತ್ತಾನೆ. ಅವನು ಡೆಮಾಸ್ತನೀಸ್ ಎಂದು ಹೇಳಬೇಕಾಗಿಲ್ಲ. ಎರಡನೆಯವನು ಭಯಸ್ಥ, ದೈವಭೀರು. ಅವನನ್ನು ನಿಕಿಯಾಸ್ ಎಂದು ಗುರುತಿಸುವುದು ವಾಡಿಕೆ. ಪಾಫ್ಲಗೋನಿಯನೇ ಕ್ಲಿಯಾನ್; ಆದರೆ ಆ ಹೆಸರು ನಾಟಕದಲ್ಲಿ ಒಂದೇ ಸಲ, ಹಾಡೊಂದರಲ್ಲಿ ಬರುತ್ತದೆ. ಅವನ ಮುಖದ ಹೋಲಿಕೆಯ ಮುಖವಾಡ ಮಾಡಲು ಕಸುಬಿನವರು ಹೆದರಿದರು, ಆದರೂ ನೀವು ಬುದ್ಧಿವಂತರು, ಗುರುತು ಹಿಡಿಯುತ್ತೀರಿ ಎಂದು ಆಳು ಪ್ರೇಕ್ಷಕರಿಗೆ ಹೇಳುತ್ತಾನೆ. ನಟರು ಯಾರೂ ಒಪ್ಪದೆ ಕವಿಯೇ ಮುಖಕ್ಕೆ ಏನೋ ಬಳಿದುಕೊಂಡು ಆ ಪಾತ್ರ ಮಾಡಿದ ಎಂಬ ಕಥೆಯನ್ನು ನಂತರದವರು ಕಟ್ಟಿದರು, ಚೆನ್ನಾಗಿದೆ, ನಂಬಬೇಕಾಗಿಲ್ಲ.

ಇಬ್ಬರು ಆಳುಗಳು ಹೊಟ್ಟೆತುಂಬ ದ್ರಾಕ್ಷಾರಸ ಕುಡಿದು ಧೈರ್ಯ ತಂದುಕೊಂಡು, ಮಲಗಿದ್ದ ಪಾಫ್ಲಗೋನಿಯನ ಬಳಿಯಿದ್ದ ಭವಿಷ್ಯವಾಣಿಯನ್ನು ಕದಿಯುತ್ತಾರೆ. ಊರನ್ನು ಮೊದಲು ನಾರು ಮಾರುವವನು ಆಳುತ್ತಾನೆ, ಆಮೇಲೆ ಕುರಿ ಮಾರುವವನು, ಆಮೇಲೆ ಚರ್ಮ ಮಾರುವವನು. ಅವನನ್ನು ಕೆಡಹುವವನು ಸಾಸೇಜ್ ಮಾರುವವನು ಎಂದು ಅದರಲ್ಲಿದೆ. ಅಷ್ಟರಲ್ಲಿ ಕರುಳಿಗೆ ಕೊಚ್ಚಿದ ಮಾಂಸ ತುಂಬಿ ಮಾರುವ ಒಬ್ಬ ಪಡ್ಡೆ ಹುಡುಗ ತಟ್ಟೆ ಹೊತ್ತು ಬರುತ್ತಾನೆ. ಅವನಿಗೆ ರಾಜ್ಯ ಕೊಡುತ್ತೇವೆ ಎನ್ನುತ್ತಾರೆ. ನಾನು ಕೀಳು ಮನೆಯವನು ಎಂದರೆ, ಅದೇ ನಿನ್ನ ಭಾಗ್ಯ. ಓದು ಬಾರದು, ಅಕ್ಷರ ಅಷ್ಟಿಷ್ಟು ಬರುತ್ತದೆ ಎಂದರೆ, ಆ ಅಷ್ಟಿಷ್ಟು ಬರುವುದೊಂದೇ ನಿನ್ನ ಕೊರತೆ. ಆಡಳಿತ ಏನು ಮಹಾ, ದಿನವೂ ಮಾಡುವುದನ್ನೇ ಮಾಡು, ಎಲ್ಲವನ್ನೂ ಕೊಚ್ಚು, ಕಲಸು, ಮೇಲಿಷ್ಟು ಸಿಹಿ ಮಾತಿನ ಮಸಾಲೆ ಹಾಕು. ಅವನ ಬೆಂಬಲಕ್ಕೆ ಕುದುರೆಸವಾರರ ಮೇಳ ನುಗ್ಗಿ ಬರುತ್ತದೆ. ನಗರದ ಸಾವಿರ ಸವಾರರೆಂದರೆ ಸ್ವಂತ ಕುದುರೆ ಸಾಕುವಷ್ಟು ಅನುಕೂಲಸ್ಥರು, ಉದ್ದ ಕೂದಲು ಬಿಟ್ಟ ಹಳೇ ಮನೆತನದ ತರುಣರು. ಶ್ರೀಮಂತ ಹುಡುಗರೂ ಬೀದಿಯ ಹುಡುಗನೂ ಕೈಜೋಡಿಸಿ ವ್ಯಾಪಾರಿಯನ್ನು ಹೊಡೆಯುವುದು ಈ ನಾಟಕದ ರಾಜಕೀಯ. ಅದು ಯಾರ ರಾಜಕೀಯ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಿಯಾನನ ಮೇಲೆ ಶ್ರೀಮಂತರಿಗಿದ್ದ ಸಿಟ್ಟಿಗೆ ಲೆಕ್ಕದ ಪುಸ್ತಕದಲ್ಲೂ ಕಾರಣವಿತ್ತು. ಯುದ್ಧ ಶುರುವಾದಾಗ ಅಥೆನ್ಸಿನ ಬೆಟ್ಟದ ಮೇಲಿನ ಬೊಕ್ಕಸದಲ್ಲಿ 6000 ಟ್ಯಾಲೆಂಟ್ ತೂಕದ ನಾಣ್ಯವಿತ್ತು, ವರ್ಷಕ್ಕೆ ಸುಮಾರು 600 ಟ್ಯಾಲೆಂಟ್ ಕಪ್ಪ ಬರುತ್ತಿತ್ತು. ಪೊಟಿಡಿಯಾ ಎಂಬ ಒಂದೇ ಊರಿನ ಮುತ್ತಿಗೆ 2000 ಟ್ಯಾಲೆಂಟ್ ನುಂಗಿತು. 428ರಲ್ಲಿ ಪ್ರಜೆಗಳ ಮೇಲೆಯೇ 200 ಟ್ಯಾಲೆಂಟ್ ಯುದ್ಧತೆರಿಗೆ ಬಿತ್ತು. ಅದನ್ನು ತೆತ್ತವರು ಉಳ್ಳವರು. ನಾಟಕದಲ್ಲಿ ಪಾಫ್ಲಗೋನಿಯ ಸಾಸೇಜಿನವನಿಗೆ ಹಾಕುವ ಬೆದರಿಕೆಗಳನ್ನು ಗಮನಿಸಿ. ನಿನ್ನ ಹೆಸರನ್ನು ಶ್ರೀಮಂತರ ಪಟ್ಟಿಗೆ ಸೇರಿಸಿ ತೆರಿಗೆಯಲ್ಲಿ ಹಿಂಡುತ್ತೇನೆ. ಕೊಳೆತ ಪಟಗಂಬದ ಹಳೆಯ ಹಡಗನ್ನು ನಿನ್ನ ತಲೆಗೆ ಕಟ್ಟಿ, ಅದರ ದುರಸ್ತಿಯಲ್ಲೇ ನೀನು ದಿವಾಳಿಯಾಗುವಂತೆ ಮಾಡುತ್ತೇನೆ. ಇವು ಕವಿಕಲ್ಪನೆಯಲ್ಲ. ಅಥೆನ್ಸಿನಲ್ಲಿ ಯುದ್ಧನೌಕೆಯ ನಿರ್ವಹಣೆಯನ್ನು ಒಂದೊಂದು ವರ್ಷ ಒಬ್ಬೊಬ್ಬ ಧನಿಕನ ತಲೆಗೆ ಕಟ್ಟುತ್ತಿದ್ದರು. ಕ್ಲಿಯಾನನ ಕಡೆಯಿಂದ ನೋಡಿದರೆ ಅವನ ಲೆಕ್ಕವೂ ಸ್ಪಷ್ಟ. ಯುದ್ಧ ನಡೆಯಬೇಕು, ಹಣ ಇದ್ದವರಿಂದ ಬರಬೇಕು, ಮಿತ್ರರಾಜ್ಯಗಳಿಂದ ಇನ್ನಷ್ಟು ಬರಬೇಕು. ಪೈಲೋಸ್ ಗೆದ್ದ ಮೇಲೆ ಕಪ್ಪವನ್ನು ಎರಡು ಪಟ್ಟಿಗೂ ಮೇಲೆ ಏರಿಸಿದರು. ನ್ಯಾಯಾಲಯದಲ್ಲಿ ಪಂಚರಾಗಿ ಕೂರುವ ಮುದುಕರ ದಿನಭತ್ಯವನ್ನು ಅವನು ಎರಡು ಆಬೋಲ್ ನಾಣ್ಯದಿಂದ ಮೂರಕ್ಕೆ ಏರಿಸಿದ. ನಾಟಕ ಅದನ್ನು ಲಂಚ ಎನ್ನುತ್ತದೆ. ಮನೆ ಸುಟ್ಟುಹೋಗಿ ವಾಡೆಯಲ್ಲಿ ಮಲಗುವ ಮುದುಕನಿಗೆ ಅದು ರಾತ್ರಿಯ ಊಟ. ಕ್ಲಿಯಾನನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಇಬ್ಬರು ವೈರಿಗಳು ಬರೆದದ್ದು, ಒಬ್ಬ ಹಾಸ್ಯಕಾರ, ಒಬ್ಬ ಇತಿಹಾಸಕಾರ. ಈ ಮಾತು ನೆನಪಿರಲಿ.

ನಾಟಕದ ಅತ್ಯುತ್ತಮ ಭಾಗ ರಂಗದ ಮೇಲೆ ನಡೆಯುವುದೇ ಇಲ್ಲ. ಸಾಸೇಜಿನವನು ಬಂದು ವರದಿ ಮಾಡುತ್ತಾನೆ. ಪಾಫ್ಲಗೋನಿಯ ಐನೂರರ ಮಂಡಳಿಗೆ ಓಡಿ, ಸವಾರರೆಲ್ಲ ಸೇರಿ ಪಿತೂರಿ ನಡೆಸಿದ್ದಾರೆ ಎಂದು ಗುಡುಗುತ್ತಾನೆ. ಸದಸ್ಯರ ಮುಖ ಸಾಸಿವೆ ತಿಂದವರಂತೆ ಆಗುತ್ತದೆ. ಆಗ ಸಾಸೇಜಿನವನು ಹಿಂದಿನಿಂದ ಕೂಗುತ್ತಾನೆ: ಯುದ್ಧ ಶುರುವಾದಂದಿನಿಂದ ಚಿಕ್ಕ ಮೀನು ಇಷ್ಟು ಅಗ್ಗವಾದದ್ದನ್ನು ನಾನು ಕಂಡಿಲ್ಲ! ಮುಖಗಳು ಅರಳುತ್ತವೆ. ಪಾಫ್ಲಗೋನಿಯ ಸೋಲದೆ, ಈ ಶುಭವಾರ್ತೆಗೆ ದೇವಿಗೆ ನೂರು ಎತ್ತು ಬಲಿ ಕೊಡೋಣ ಎನ್ನುತ್ತಾನೆ. ಇವನು ಇನ್ನೂರು ಎನ್ನುತ್ತಾನೆ, ಮೀನು ಆಬೋಲಿಗೆ ನೂರು ಸಿಕ್ಕರೆ ಆರ್ಟೆಮಿಸ್ ದೇವಿಗೆ ಸಾವಿರ ಮೇಕೆಯ ಹರಕೆಯನ್ನೂ ಸೇರಿಸುತ್ತಾನೆ. ಕೊನೆಯ ಅಸ್ತ್ರವಾಗಿ ಪಾಫ್ಲಗೋನಿಯ, ತಡೆಯಿರಿ, ಸ್ಪಾರ್ಟಾದಿಂದ ದೂತ ಬಂದಿದ್ದಾನೆ, ಸಂಧಿಯ ಮಾತು ಕೇಳಿ ಎನ್ನುತ್ತಾನೆ. ಸಂಧಿಯೇ? ನಮ್ಮಲ್ಲಿ ಮೀನು ಅಗ್ಗವಾದದ್ದು ಅವರ ಕಿವಿಗೆ ಬಿದ್ದಿದೆ, ಅದಕ್ಕೇ ಬಂದಿದ್ದಾರೆ. ಬೇಡ, ಯುದ್ಧ ನಡೆಯಲಿ! ಎಲ್ಲರೂ ಕಟಕಟೆ ಹಾರಿ ಪೇಟೆಗೆ ಓಡುತ್ತಾರೆ. ಅಷ್ಟರಲ್ಲಿ ಇವನು ಮುಂದೆ ಓಡಿ ಪೇಟೆಯಲ್ಲಿದ್ದ ಕೊತ್ತಂಬರಿಯನ್ನೆಲ್ಲ ಕೊಂಡು, ಮೀನಿಗೆ ಹಾಕಿಕೊಳ್ಳಿ ಎಂದು ಸದಸ್ಯರಿಗೆ ಪುಕ್ಕಟೆ ಹಂಚುತ್ತಾನೆ. ಒಂದು ಆಬೋಲಿನ ಕೊತ್ತಂಬರಿಗೆ ಇಡೀ ಮಂಡಳಿ ಅವನ ಜೇಬಿನಲ್ಲಿ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಪೈಲೋಸಿನ ನಂತರ ಸ್ಪಾರ್ಟಾದ ದೂತರು ನಿಜವಾಗಿಯೂ ಮತ್ತೆ ಮತ್ತೆ ಬಂದರು, ಅಥೆನ್ಸ್ ಬರಿಗೈಯಲ್ಲಿ ಕಳಿಸಿತು. ಶಾಂತಿಗೆ ಅಡ್ಡ ನಿಂತವನು ಕ್ಲಿಯಾನ್ ಎಂದು ಥ್ಯುಸಿಡಿಡೀಸ್ ಬೇರೆಡೆ ಹೇಳುತ್ತಾನೆ. ನಾಟಕ ಹಾಗೆ ಹೇಳುವುದಿಲ್ಲ. ಇಲ್ಲಿ ಸಂಧಿಯ ಸುದ್ದಿ ತರುವವನೇ ಕ್ಲಿಯಾನನ ಪಾತ್ರ, ಬೇಡ ಎನ್ನುವವರು ಮೀನಿನ ಬುಟ್ಟಿಯ ಮೇಲೆ ಕಣ್ಣಿಟ್ಟ ಐನೂರು ಜನ. ಚೀಟಿ ಎತ್ತಿ ಆರಿಸಿದ ಸಾಮಾನ್ಯ ಪ್ರಜೆಗಳವರು. ಅವರಲ್ಲಿ ಬಹುಪಾಲು ಜನ ಅಂದು ರಂಗಮಂದಿರದಲ್ಲೂ ಕೂತಿದ್ದಿರಬೇಕು.

ಆ ಕಾಲದ ಒಬ್ಬ ಅನಾಮಧೇಯ ಲೇಖಕ, ಪ್ರಜಾಪ್ರಭುತ್ವವನ್ನು ಸಹಿಸದವನು, ಅಥೆನ್ಸಿನ ಜನ ಹಾಸ್ಯ ನಾಟಕದಲ್ಲಿ ಒಬ್ಬೊಬ್ಬರನ್ನು ಗೇಲಿ ಮಾಡಲು ಬಿಡುತ್ತಾರೆ, ತಮ್ಮನ್ನೇ ಗೇಲಿ ಮಾಡಲು ಬಿಡುವುದಿಲ್ಲ ಎಂದು ಬರೆದಿದ್ದಾನೆ. ‘ಕುದುರೆಸವಾರರು’ ಆ ಮಾತಿಗೆ ನೇರ ಉತ್ತರ. ಕ್ಲಿಯಾನನ ಬಗ್ಗೆ ನಾಟಕ ಹೊಸದಾಗಿ ಏನೂ ಹೇಳುವುದಿಲ್ಲ. ಕಳ್ಳ, ಬಾಯಿಬಡುಕ, ಅಷ್ಟೆ. ಡೀಮೋಸನ ಬಗ್ಗೆ ಹೇಳುತ್ತದೆ. ಮನೆಯಲ್ಲಿ ಇವನಷ್ಟು ಚತುರರಿಲ್ಲ, ಗುಡ್ಡದ ಆ ಬಂಡೆಯ ಮೇಲೆ ಹೋಗಿ ಕೂತ ಕೂಡಲೇ ಬಾಯಿ ತೆರೆದುಕೊಳ್ಳುತ್ತದೆ ಎಂದು ಸಾಸೇಜಿನವನೇ ಗೊಣಗುತ್ತಾನೆ.

ವಿಚಿತ್ರವೆಂದರೆ ಇದೇ ದೂರನ್ನು ಕ್ಲಿಯಾನನೂ ಹೇಳಿದ್ದ. 427ರಲ್ಲಿ, ದಂಗೆಯೆದ್ದ ಮಿಟಿಲೀನಿ ನಗರದ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಬೇಕು ಎಂದು ಅವನು ನಿರ್ಣಯ ಮಾಡಿಸಿದ. ಮರುದಿನ ಜನರಿಗೆ ಮನಸ್ಸು ಕುಟುಕಿ ಸಭೆ ಮತ್ತೆ ಸೇರಿತು. ಆಗ ಅವನು ಮಾಡಿದ ಭಾಷಣವನ್ನು ಥ್ಯುಸಿಡಿಡೀಸ್ ಕೊಟ್ಟಿದ್ದಾನೆ. ನೀವು ರಾಜ್ಯದ ವಿಷಯ ಚರ್ಚಿಸಲು ಬಂದವರಂತಿಲ್ಲ, ಮಾತಿನ ಆಟ ನೋಡಲು ಬಂದ ಪ್ರೇಕ್ಷಕರಂತಿದ್ದೀರಿ ಎಂದು ಕ್ಲಿಯಾನ್ ಅಲ್ಲಿ ಜನರನ್ನು ಗದರುತ್ತಾನೆ. ಅಂದು ಅವನು ಸೋತ. ಹೊಸ ನಿರ್ಣಯ ಹೊತ್ತ ಎರಡನೆಯ ಹಡಗು ಹಗಲಿರುಳು ಹುಟ್ಟು ಹಾಕಿ, ಮೊದಲ ಹಡಗು ಒಯ್ದಿದ್ದ ಆಜ್ಞೆ ಜಾರಿಯಾಗುವ ಹೊತ್ತಿಗೆ ತಲುಪಿತು; ಆದರೂ ದಂಗೆಯ ಮುಂದಾಳುಗಳೆಂದು ಸಾವಿರಕ್ಕೂ ಮಿಕ್ಕಿದವರನ್ನು ಕೊಂದರು, ಅದು ಅವನದೇ ಸೂಚನೆ. ಮೂರು ವರ್ಷ ಕಳೆದು ಅರಿಸ್ಟೋಫನೀಸ್ ಅದೇ ಮಾತನ್ನು ಮಗುಚಿ ಹಾಕಿದ. ಸಭೆಯಲ್ಲಿ ಕೂತವರೇ, ನೀವು ಪ್ರೇಕ್ಷಕರು ಎಂದ ಕ್ಲಿಯಾನ್. ರಂಗದ ಮುಂದೆ ಕೂತವರೇ, ಇಲ್ಲಿ ಕುಣಿಯುತ್ತಿರುವ ಮುದುಕ ನೀವೇ ಎಂದ ಕವಿ. ಒಂದೇ ಕೇರಿಯ ಈ ಇಬ್ಬರಿಗೆ ಜನರ ಬಗ್ಗೆ ಇದ್ದ ಅಭಿಪ್ರಾಯದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇದ್ದಂತಿಲ್ಲ!

ನಾಟಕದ ಉಳಿದರ್ಧ ಓಲೈಕೆಯ ಹರಾಜು. ಸಾಸೇಜಿನವನು ಡೀಮೋಸನಿಗೆ ಕೂರಲು ಮೆತ್ತೆ ತರುತ್ತಾನೆ. ಹಿಂದಿನ ಸಲಾಮಿಸ್ ನೌಕಾಯುದ್ಧದಲ್ಲಿ ಹುಟ್ಟು ಹಾಕಿದ ಅಂಡು ಕಲ್ಲಿನ ಮೇಲೆ ನೋಯಬಾರದಂತೆ. ಒಬ್ಬ ಚಪ್ಪಲಿ ಕೊಟ್ಟರೆ ಇನ್ನೊಬ್ಬ ಅಂಗಿ. ಭವಿಷ್ಯವಾಣಿಗಳ ರಾಶಿ. ಕೊನೆಗೆ ಊಟದ ಪಂದ್ಯ. ಪಾಫ್ಲಗೋನಿಯ ಬೇಯಿಸಿ ತಂದ ಮೊಲವನ್ನು ಇವನು ಎಗರಿಸಿ ತಾನೇ ಬಡಿಸುತ್ತಾನೆ, ಪೈಲೋಸಿನ ರೊಟ್ಟಿಯ ಸೇಡು. ಬುಟ್ಟಿ ತೆರೆದು ನೋಡಿದಾಗ ಸಾಸೇಜಿನವನದು ಖಾಲಿ, ಎಲ್ಲವನ್ನೂ ಯಜಮಾನನಿಗೇ ಕೊಟ್ಟಿದ್ದಾನೆ. ಪಾಫ್ಲಗೋನಿಯನದು ತುಂಬಿ ತುಳುಕುತ್ತಿದೆ. ಸೋತವನು ದುರಂತ ನಾಟಕದ ನಾಯಕನ ಗತ್ತಿನಲ್ಲಿ ಒಂದೊಂದೇ ಪ್ರಶ್ನೆ ಕೇಳಿ, ತನ್ನನ್ನು ಕೆಡಹುವನೆಂದು ಭವಿಷ್ಯವಾಣಿ ಹೇಳಿದ್ದವನು ಇವನೇ ಎಂದು ತಿಳಿದು ಕುಸಿಯುತ್ತಾನೆ. ಇದನ್ನು ನೋಡುತ್ತಿದ್ದವರಿಗೆ ಇಂಥ ಗುರುತು ಹತ್ತುವ ದೃಶ್ಯಗಳು ಬಾಯಿಪಾಠ.

ಇದೆಲ್ಲದರ ನಡುವೆ, ಇಬ್ಬರೂ ಬುಟ್ಟಿ ತರಲು ಒಳಗೆ ಹೋದ ಬಿಡುವಿನಲ್ಲಿ, ಡೀಮೋಸ್ ಮೇಳದ ಜೊತೆ ಒಂದು ಹಾಡು ಹಾಡುತ್ತಾನೆ. ಎಲ್ಲರೂ ಹೆದರುವ ಅರಸ ನೀನು, ಆದರೆ ಮುಖಸ್ತುತಿಗೆ ಮರುಳಾಗುತ್ತೀಯೆ, ಬುದ್ಧಿ ಎಲ್ಲೋ ಹೋಗಿಬಿಡುತ್ತದೆ ಎಂದು ಸವಾರರು ಹೇಳುತ್ತಾರೆ. ಡೀಮೋಸ್ ಕೊಡುವ ಉತ್ತರದ ಸಾರಾಂಶ ಇಷ್ಟು. ಪೆದ್ದನ ಹಾಗೆ ನಟಿಸುತ್ತಿದ್ದೇನೆ. ದಿನದ ತುತ್ತು ಹೀಗೆ ಸುಖವಾಗಿ ಸಿಗುತ್ತದೆ. ಕಳ್ಳನೊಬ್ಬನನ್ನು ಬೇಕೆಂದೇ ಸಾಕುತ್ತೇನೆ, ಕೊಬ್ಬಿದ ಮೇಲೆ ಹೊಡೆದುಹಾಕುತ್ತೇನೆ, ತಿಂದದ್ದನ್ನೆಲ್ಲ ಕಕ್ಕಿಸುತ್ತೇನೆ.

ಈ ಹಾಡನ್ನು ಹೇಗೆ ಓದಬೇಕು ಎನ್ನುವಲ್ಲಿ ವಿದ್ವಾಂಸರು ಒಡೆದಿದ್ದಾರೆ. ಜನ ನಿಜಕ್ಕೂ ಜಾಣರು, ಅಧಿಕಾರ ಕೊನೆಗೆ ಅವರ ಕೈಯಲ್ಲೇ ಇದೆ ಎಂದು ಕವಿ ಸಮಾಧಾನ ಹೇಳುತ್ತಿದ್ದಾನೆ ಎನ್ನುವವರು ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೋಸಹೋದವನು ನನಗೆ ಎಲ್ಲ ಗೊತ್ತಿತ್ತು ಎನ್ನುವುದಕ್ಕಿಂತ ಹಳೆಯ ನೆಪ ಯಾವುದಿದೆ? ಜೊತೆಗೆ, ಅದು ನಿಜವಾಗಿದ್ದರೆ ಇನ್ನೂ ಕೆಟ್ಟದ್ದು. ಪೆದ್ದು ಯಜಮಾನನನ್ನು ಕ್ಷಮಿಸಬಹುದು. ಕಳ್ಳನೆಂದು ತಿಳಿದೂ ಸಾಕುವವನ ಮನೆಯಲ್ಲಿ ಆಳುಗಳು ಕದಿಯದೆ ಇನ್ನೇನು ಮಾಡಿಯಾರು? ಅಂದು ನಕ್ಕು, ಕೆಲವು ವಾರಗಳ ನಂತರ ಕ್ಲಿಯಾನನಿಗೆ ಮತ ಹಾಕಿದ ಜನ ಡೀಮೋಸನ ಮಾತನ್ನೇ ನಡೆಸಿಕೊಟ್ಟರು. ಕ್ಲಿಯಾನ್ ಎಂಥವನೆಂದು ನಾಟಕ ನೋಡಿ ತಿಳಿಯಬೇಕಾಗಿರಲಿಲ್ಲ, ಮೊದಲೇ ಗೊತ್ತಿತ್ತು. ಇಪ್ಪತ್ತು ದಿನದಲ್ಲಿ ಮಾಡುತ್ತೇನೆಂದದ್ದನ್ನು ಮಾಡಿ ತೋರಿಸಿದ್ದೂ ಗೊತ್ತಿತ್ತು. ಸ್ಪಾರ್ಟಾದವರು 424ರಲ್ಲಿ ಹೊಲ ಸುಡಲು ಬರಲಿಲ್ಲ. ಬಂದರೆ ಸೆರೆಯಾಳುಗಳನ್ನು ಕೊಲ್ಲುತ್ತೇವೆ ಎಂದು ಅಥೆನ್ಸ್ ಬೆದರಿಸಿತ್ತು, ಆ ಸೆರೆಯಾಳುಗಳನ್ನು ತಂದವನು ಕ್ಲಿಯಾನ್. ರೈತನಿಗೆ ಆ ವರ್ಷದ ಬೆಳೆ ಉಳಿಯುವ ಭರವಸೆ ಸಿಕ್ಕಿತ್ತು. ಅವನು ಮತ ಕೊಟ್ಟದ್ದರಲ್ಲಿ ಆಶ್ಚರ್ಯವೇನು!

ಕವಿಗೂ ತನ್ನ ಔಷಧದ ಮೇಲೆ ಅಷ್ಟು ನಂಬಿಕೆ ಇದ್ದಂತಿಲ್ಲ. ಕೊನೆಯಲ್ಲಿ ಸಾಸೇಜಿನವನು, ಈಗ ಅಗೊರಾಕ್ರಿಟಸ್ ಎಂಬ ಘನವಾದ ಹೆಸರಿನವನು, ಡೀಮೋಸನನ್ನು ಹಂಡೆಯಲ್ಲಿ ಕುದಿಸಿ ತರುಣನನ್ನಾಗಿ ಮಾಡುತ್ತಾನೆ. ಹೊರಬಂದ ಡೀಮೋಸ್ ಮ್ಯಾರಥಾನ್ ಯುದ್ಧ ಗೆದ್ದ ಹಿಂದಿನ ಕಾಲದ ಉಡುಪಿನಲ್ಲಿ, ಜೀರುಂಡೆಯಾಕಾರದ ಚಿನ್ನದ ಪಿನ್ನು ಮುಡಿದು ಹೊಳೆಯುತ್ತಾನೆ. ಹಿಂದೆ ಮಾಡಿದ್ದನ್ನು ಕೇಳಿ ನಾಚಿಕೊಳ್ಳುತ್ತಾನೆ. ಇನ್ನು ಮುಂದೆ ಹಡಗು ದಡ ಸೇರಿದ ಕೂಡಲೇ ಹುಟ್ಟು ಹಾಕುವವರಿಗೆ ಪೂರ್ತಿ ಸಂಬಳ. ವಶೀಲಿ ಹಚ್ಚಿ ಸೈನಿಕರ ಪಟ್ಟಿಯಿಂದ ಹೆಸರು ಬದಲಿಸುವಂತಿಲ್ಲ. ಈ ಸಣ್ಣ ಸುಧಾರಣೆಗಳು ಅಂದಿನ ನಿಜವಾದ ದೂರುಗಳು, ಆದ್ದರಿಂದ ನನಗೆ ಪ್ರಿಯ. ಮಿಕ್ಕದ್ದು ಮಾಂತ್ರಿಕನ ಹಂಡೆ. ಆಮೇಲೆ ಮೂವತ್ತು ವರ್ಷದ ಸಂಧಿ ಸುಂದರಿಯ ರೂಪದಲ್ಲಿ ಬರುತ್ತಾಳೆ. ಪಾಫ್ಲಗೋನಿಯ ಊರಬಾಗಿಲಲ್ಲಿ ನಾಯಿ ಕತ್ತೆಗಳ ಮಾಂಸ ಬೆರೆಸಿ ಸಾಸೇಜ್ ಮಾರುವ ಶಿಕ್ಷೆ ಪಡೆಯುತ್ತಾನೆ.

ನಿಜ ಜೀವನದಲ್ಲಿ ಕ್ಲಿಯಾನ್ ಮತ್ತೆ ಕವಿಯ ಬೆನ್ನು ಹತ್ತಿದ. ಕವಿ ತಗ್ಗಿದಂತೆ ನಟಿಸಿ ಪಾರಾದನೆಂದು ಅವನ 422ರ ‘ಕಣಜಗಳು’ ನಾಟಕದಲ್ಲಿ ಸುಳಿವಿದೆ. ಅದೇ ವರ್ಷ ಆಂಫಿಪೊಲಿಸ್ ಯುದ್ಧದಲ್ಲಿ ಕ್ಲಿಯಾನ್ ಸತ್ತ. ಎದುರಾಳಿ, ಸ್ಪಾರ್ಟಾದ ಸೇನಾನಿ ಬ್ರಾಸಿಡಾಸನೂ ಸತ್ತ. 421ರಲ್ಲಿ ನಿಕಿಯಾಸನ ಸಂಧಿ ಆಯಿತು, ಐವತ್ತು ವರ್ಷಕ್ಕೆಂದು ಬರೆದದ್ದು ಏಳೆಂಟು ವರ್ಷವೂ ನಿಲ್ಲಲಿಲ್ಲ. ಜನಸಭೆಯಲ್ಲಿ ಕ್ಲಿಯಾನನ ಜಾಗಕ್ಕೆ ಹೈಪರ್ಬೋಲಸ್ ಬಂದ. ಅವನು ದೀಪ ಮಾರುವವನು.

ಹಾಸ್ಯಕಾರರೆಲ್ಲ ಹೈಪರ್ಬೋಲಸನ ಮೇಲೆ ಮುಗಿಬಿದ್ದರು. ಯುಪೋಲಿಸ್ ಎಂಬವನು ಅವನನ್ನೂ ಒಂದು ಮನೆಯ ಪರದೇಶಿ ಆಳಾಗಿ ಮಾಡಿ ನಾಟಕ ಬರೆದ. ಅರಿಸ್ಟೋಫನೀಸನಿಗೆ ಕೋಪ ಬಂತು. ತನ್ನ ‘ಮೋಡಗಳು’ ನಾಟಕವನ್ನು ತಿದ್ದಿ ಬರೆಯುವಾಗ ಅದನ್ನು ತೋಡಿಕೊಂಡಿದ್ದಾನೆ. ‘ಕುದುರೆಸವಾರರು’ ನಾಟಕದಲ್ಲಿ ಒಂದು ಹೋಲಿಕೆ ಬರುತ್ತದೆ: ಹಾವುಮೀನು ಹಿಡಿಯುವವರಿಗೆ ನೀರು ತಿಳಿಯಾಗಿದ್ದರೆ ಏನೂ ಸಿಗುವುದಿಲ್ಲ, ಕೆಸರು ಕದಡಿದರೆ ಸಿಗುತ್ತದೆ, ನಮ್ಮ ಮುಖಂಡರೂ ಹಾಗೆ. ಹೊಸ ಮುಖಂಡ ಮತ್ತೆ ಕೆಸರು ಕದಡುತ್ತಿದ್ದಾನೆ ಎಂಬುದು ‘ಮೋಡಗಳು’ ನಾಟಕದಲ್ಲಿ ಅವನ ದೂರಲ್ಲ. ತನ್ನ ನಾಟಕವನ್ನು ಯುಪೋಲಿಸ್ ತಿರುಗಿಸಿ ಹೊಲಿದುಕೊಂಡ, ಉಳಿದವರು ತನ್ನ ಹಾವುಮೀನುಗಳನ್ನು ಕದ್ದರು ಎಂಬುದು ಅವನ ದೂರು. ಯುಪೋಲಿಸ್ ಸುಮ್ಮನಿರಲಿಲ್ಲ. ‘ಕುದುರೆಸವಾರರು’ ಬರೆಯುವಾಗ ಆ ಬೊಕ್ಕತಲೆಯವನಿಗೆ ಸಹಾಯ ಮಾಡಿದ್ದೇ ನಾನು, ಪುಕ್ಕಟೆಯಾಗಿ ಕೊಟ್ಟೆ ಎಂದ.